ಕೆಂಪು ಉರಿಯಿತು, ನೀಲಿ ಉರಿಯಲಿಲ್ಲ

ಜುಲೈ ತಿಂಗಳ ಒಂದು ಸಂಜೆ ಮಡಿಕೇರಿ ಹತ್ತಿರದ ಗಾಳಿಬೀಡಿನಿಂದ ಅಕ್ಕನ ಮಗ ಫೋನ್ ಮಾಡಿದ. "ಮಾವ, ನೀಲಿ ಎಲ್‌ಇಡಿ ಎಲ್ಲಾ ಡೆಡ್. ಅಂಗಡಿಯವರು ಟೋಪಿ ಹಾಕಿದ್ದಾರೆ."

ಪಿಯುಸಿ ಓದುವ ಹುಡುಗ. ಮಳೆಗಾಲದಲ್ಲಿ ಅವರ ಕಡೆ ಕರೆಂಟ್ ಇರುವುದಕ್ಕಿಂತ ಇಲ್ಲದಿರುವುದೇ ಜಾಸ್ತಿ. ತೋಟದಲ್ಲಿ ಎಲ್ಲೋ ಒಂದು ಸಿಲ್ವರ್ ಮರ ಲೈನ್ ಮೇಲೆ ಬಿದ್ದರೆ ಎರಡು ದಿನ ಕತ್ತಲೆ. ಲ್ಯಾಪ್‌ಟಾಪ್‌ನಲ್ಲಿ ಚಾರ್ಜ್ ಇರುವಷ್ಟು ಹೊತ್ತು ಇವನು ಗೇಮ್ ಆಡುತ್ತಾನೆ. ಆಗ ಕಂಟ್ರೋಲರ್‌ನ ಬಟನ್‌ಗಳು ತಮ್ಮ ತಮ್ಮ ಬಣ್ಣದಲ್ಲಿ ಬೆಳಗಬೇಕು ಅನ್ನೋದು ಆಸೆ. ಎ ಹಸಿರು, ಬಿ ಕೆಂಪು, ಎಕ್ಸ್ ನೀಲಿ, ವೈ ಹಳದಿ. "ಬಟನ್ ನೋಡ್ಕೊಂಡು ಯಾರು ಆಡ್ತಾರೆ? ಎಲ್ಲಾ ಶೋಕಿ" ಎಂದು ಹಿಂದಿನಿಂದ ಅಕ್ಕ ಹೇಳಿದ್ದು ನನಗೂ ಕೇಳಿಸಿತು. ಅಕ್ಕ ಹೇಳಿದ್ದು ಸುಳ್ಳೇನಲ್ಲ.

ಮರುದಿನ ಹೋದೆ. ಊಟದ ಮೇಜಿನ ಮೇಲೆ ಕಂಟ್ರೋಲರ್ ಬಿಚ್ಚಿ ಹರಡಿಕೊಂಡು ಕೂತಿದ್ದ. ವೈರ್ ಇಲ್ಲದ ಕಂಟ್ರೋಲರ್, ಒಳಗೆ ಎರಡು ರೀಚಾರ್ಜ್ ಸೆಲ್. ಒಂದೊಂದು 1.2 ವೋಲ್ಟ್, ಎರಡೂ ಸೇರಿದರೆ 2.4. ಕೆಂಪು ಎಲ್‌ಇಡಿ ಮುಟ್ಟಿಸಿ ತೋರಿಸಿದ, ಉರಿಯಿತು. ಹಳದಿಯೂ ಉರಿಯಿತು. ಹಸಿರು ಇದ್ದೂ ಇಲ್ಲದ ಹಾಗೆ ಮಿಣುಕಿತು. ನೀಲಿ ಮಾತ್ರ ಏನು ಮಾಡಿದರೂ ಜಪ್ಪಯ್ಯ ಅನ್ನಲಿಲ್ಲ.

ನನ್ನ ಜೇಬಿನಲ್ಲಿ ನಾಣ್ಯದಂಥ ಒಂದು 3 ವೋಲ್ಟ್ ಸೆಲ್ ಇತ್ತು. ನೀಲಿ ಎಲ್‌ಇಡಿಯ ಎರಡು ಕಾಲುಗಳ ನಡುವೆ ಅದನ್ನು ಸಿಕ್ಕಿಸಿದೆ, ಉದ್ದ ಕಾಲು ಪ್ಲಸ್ ಕಡೆಗೆ. ಮೇಜಿನ ಮೇಲೆಲ್ಲ ನೀಲಿ ಬೆಳಕು! ಹುಡುಗನ ಮುಖ ನೋಡಬೇಕಿತ್ತು. ಪಾಪ, ಅಂಗಡಿಯವರ ತಪ್ಪೇನೂ ಇರಲಿಲ್ಲ. ಒಂದೊಂದು ಬಣ್ಣಕ್ಕೆ ಒಂದೊಂದು ರೇಟು, ಅಷ್ಟೇ. ನೀಲಿಯ ರೇಟು 2.4 ವೋಲ್ಟ್‌ಗಿಂತ ಜಾಸ್ತಿ.

ಹಳೇ ಬಲ್ಬ್‌ಗೆ ಈ ತಕರಾರು ಇರಲಿಲ್ಲ. ಅದರ ತಂತಿ ಕಾದು ಬೆಳಗುತ್ತಿತ್ತು. ವೋಲ್ಟೇಜ್ ಬಿದ್ದ ದಿನ ಕೆಂಡದ ಹಾಗೆ ಮಂಕಾಗಿಯಾದರೂ ಉರಿಯುತ್ತಿತ್ತು. ಎಲ್‌ಇಡಿಯಲ್ಲಿ ಕಾಯುವ ತಂತಿಯೇ ಇಲ್ಲ. ಎರಡು ಬಗೆಯ ಅರೆವಾಹಕ ಪದರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದರಲ್ಲಿ ಎಲೆಕ್ಟ್ರಾನ್‌ಗಳು ಹೆಚ್ಚಿಗೆ ಇವೆ, ಇನ್ನೊಂದರಲ್ಲಿ ಅವು ಕೂರಬಹುದಾದ ಖಾಲಿ ಜಾಗಗಳಿವೆ. ಕರೆಂಟ್ ಹರಿಸಿದಾಗ ಎಲೆಕ್ಟ್ರಾನ್ ಗಡಿ ದಾಟಿ ಬಂದು ಖಾಲಿ ಜಾಗಕ್ಕೆ ಬೀಳುತ್ತದೆ. ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಬಿದ್ದ ಹಾಗೆ. ಬೀಳುವಾಗ ಬಿಟ್ಟುಕೊಡುವ ಶಕ್ತಿಯೇ ಬೆಳಕು. ಮೆಟ್ಟಿಲು ಗಿಡ್ಡ ಇದ್ದರೆ ಕೆಂಪು, ಎತ್ತರ ಇದ್ದರೆ ನೀಲಿ. ಎಷ್ಟು ಎತ್ತರ ಅನ್ನೋದು ಪದರ ಯಾವ ವಸ್ತುವಿನದು ಎಂಬುದರ ಮೇಲೆ ನಿಂತಿದೆ. ಪ್ಲಾಸ್ಟಿಕ್ ಕವಚಕ್ಕೆ ಯಾವ ಬಣ್ಣ ಬಳಿದರೂ ಅದು ಬದಲಾಗಲ್ಲ.

ಇದಕ್ಕೊಂದು ಸುಲಭದ ಲೆಕ್ಕ ಇದೆ. ಬೆಳಕಿನ ತರಂಗದ ಉದ್ದವನ್ನು ನ್ಯಾನೋಮೀಟರ್‌ನಲ್ಲಿ ತಗೊಳ್ಳಿ. 1240 ಅನ್ನು ಅದರಿಂದ ಭಾಗಿಸಿ. ಹೆಚ್ಚುಕಮ್ಮಿ ಅಷ್ಟು ವೋಲ್ಟ್ ಬೇಕು. ಕೆಂಪು 620 ಅಂದರೆ 2 ವೋಲ್ಟ್. ಹಳದಿ 590 ಅಂದರೆ 2.1. ನೀಲಿ 465 ಅಂದರೆ ಸುಮಾರು 2.7, ಆದರೆ ದಾರಿಯಲ್ಲಿ ಸೋರುವುದೂ ಸೇರಿ ಚೆನ್ನಾಗಿ ಉರಿಯಲು 3 ವೋಲ್ಟ್ ಹತ್ತಿರ ಬೇಕು. ಹಸಿರು ಈ ಲೆಕ್ಕಕ್ಕೆ ಸ್ವಲ್ಪ ಸಿಗಲ್ಲ. 525 ನ್ಯಾನೋಮೀಟರ್‌ಗೆ 2.4 ವೋಲ್ಟ್ ಸಾಕಾಗಬೇಕಿತ್ತು. ಈಗಿನ ಕಡು ಹಸಿರು ಎಲ್‌ಇಡಿಯನ್ನು ನೀಲಿಯ ಕುಟುಂಬದ ವಸ್ತುವಿನಿಂದಲೇ ಮಾಡುವುದರಿಂದ ಅದೂ 3 ವೋಲ್ಟ್ ಹತ್ತಿರ ಕೇಳುತ್ತದೆ. ಹಳೇ ಟೇಪ್‌ರೆಕಾರ್ಡರ್‌ಗಳಲ್ಲಿದ್ದ ಎಳೆ ಹಸಿರು ಬೇರೆ ಜಾತಿ. ಅದು ಗ್ಯಾಲಿಯಂ ಫಾಸ್ಫೈಡ್, 2 ವೋಲ್ಟ್ ಚಿಲ್ಲರೆಗೇ ಉರಿಯುತ್ತದೆ.

ಟೇಪ್‌ರೆಕಾರ್ಡರ್ ಅಂದಾಗ ನೆನಪಾಯಿತು. ನಮ್ಮ ಮನೆಯದರಲ್ಲಿ ಕೆಂಪು ಇತ್ತು, ಹಸಿರು ಇತ್ತು. ನೀಲಿ ದೀಪ ಇದ್ದ ಒಂದು ಸಾಮಾನನ್ನೂ ಆಗ ನೋಡಿದ ನೆನಪಿಲ್ಲ. ಪ್ರಖರವಾದ ನೀಲಿ ಎಲ್‌ಇಡಿ ಆಗಿನ್ನೂ ಬಂದೇ ಇರಲಿಲ್ಲ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ ಮಾಡಿದ್ದು 1962ರಲ್ಲಿ. ಪ್ರಖರವಾದ ನೀಲಿ ಬರಲು 30 ವರ್ಷ ಹಿಡಿಯಿತು. ಅಷ್ಟು ಎತ್ತರದ ಮೆಟ್ಟಿಲು ಗ್ಯಾಲಿಯಂ ನೈಟ್ರೈಡ್‌ನಲ್ಲಿದೆ ಅಂತ ಗೊತ್ತಿತ್ತು. ಆದರೆ ಅದರ ಹರಳನ್ನು ಚೆನ್ನಾಗಿ ಬೆಳೆಸಲು ಯಾರ ಕೈಯಲ್ಲೂ ಆಗುತ್ತಿರಲಿಲ್ಲ. ಎಷ್ಟೋ ಜನ ಕೈಬಿಟ್ಟರು. ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶೂಜಿ ನಕಾಮುರಾ ಬಿಡಲಿಲ್ಲ. ಮೂವರಿಗೂ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು. ಇವತ್ತು ಮನೆಯಲ್ಲಿ ಉರಿಯುವ ಬಿಳಿ ಎಲ್‌ಇಡಿ ಬಲ್ಬ್ ಕೂಡ ಒಳಗೆ ನೀಲಿಯೇ. ಮೇಲೆ ಬಳಿದ ಹಳದಿ ಪುಡಿ ಒಂದಷ್ಟು ನೀಲಿಯನ್ನು ನುಂಗಿ ಹಳದಿಯಾಗಿ ಬಿಡುತ್ತದೆ. ಎರಡೂ ಸೇರಿದ್ದು ನಮಗೆ ಬಿಳಿಯಾಗಿ ಕಾಣುತ್ತದೆ.

ಸರಿ, ಈಗ ಹುಡುಗನ ಸಮಸ್ಯೆ. ಅವನ ಹತ್ತಿರ ಯುಎಸ್‌ಬಿ ವೈರ್ ಇರುವ ಇನ್ನೊಂದು ಹಳೇ ಕಂಟ್ರೋಲರ್ ಇತ್ತು. ಯುಎಸ್‌ಬಿಯಲ್ಲಿ 5 ವೋಲ್ಟ್ ಬರುತ್ತದೆ, ಎಲ್ಲ ಬಣ್ಣಕ್ಕೂ ಸಾಕು. ಆದರೆ 5 ವೋಲ್ಟ್ ನೇರ ಕೊಟ್ಟರೆ ಎಲ್‌ಇಡಿ ಒಂದು ಕ್ಷಣ ಜೋರಾಗಿ ಹೊಳೆದು ಶಾಶ್ವತವಾಗಿ ಕಣ್ಣು ಮುಚ್ಚುತ್ತದೆ. ನಾನೂ ಕಾಲೇಜಿನಲ್ಲಿ ಹಾಗೆ ಒಂದು ಹಿಡಿ ಎಲ್‌ಇಡಿ ಸುಟ್ಟವನೇ. ಮೆಟ್ಟಿಲಿನ ಮಟ್ಟ ದಾಟಿದ ಮೇಲೆ ವೋಲ್ಟೇಜ್ ಚೂರು ಏರಿದರೂ ಕರೆಂಟ್ ಎಷ್ಟೋ ಪಟ್ಟು ಏರಿಬಿಡುತ್ತದೆ. ಅದನ್ನು ತಡೆಯಲು ರೆಸಿಸ್ಟರ್. ಕೆಂಪಿಗೆ 5ರಲ್ಲಿ 2 ಕಳೆದರೆ ಉಳಿದದ್ದು 3 ವೋಲ್ಟ್. ಬಟನ್‌ಗೆ 5 ಮಿಲಿಆಂಪ್ ಬೇಕಾದಷ್ಟಾಯಿತು. 3 ಭಾಗಿಸು 0.005, ಅಂದರೆ 600 ಓಮ್. ಅಂಗಡಿಯಲ್ಲಿ ಸಿಗೋದು 560 ಅಥವಾ 680, ಯಾವುದಾದರೂ ನಡೆಯುತ್ತದೆ. ನೀಲಿಗೆ ಉಳಿಯುವುದು 2 ವೋಲ್ಟ್, ಅದಕ್ಕೆ 390.

ನಾಲ್ಕಕ್ಕೂ ನಾಲ್ಕು ರೆಸಿಸ್ಟರ್ ಯಾಕೆ, ಒಂದೇ ಹಾಕಿ ಎಲ್ಲವನ್ನೂ ಅಕ್ಕಪಕ್ಕ ಜೋಡಿಸಿದರಾಯಿತಲ್ಲ ಎಂದು ಹುಡುಗ ವಾದ ಮಾಡಿದ. ಮಾಡಿ ನೋಡು ಅಂದೆ. ಕೆಂಪು ಝಗ್ಗನೆ ಉರಿಯಿತು, ಹಳದಿ ಸುಮಾರಾಗಿ, ನೀಲಿ ಮತ್ತೆ ಕತ್ತಲೆ. ಕಿಟಕಿಯಾಚೆ ಗದ್ದೆ ಕಾಣುತ್ತಿತ್ತು. ಬದುವಿನಲ್ಲಿ ಎರಡು ಕಂಡಿ ತೆಗೆದು ಒಂದನ್ನು ತಗ್ಗಾಗಿ, ಇನ್ನೊಂದನ್ನು ಎತ್ತರಕ್ಕೆ ಮಾಡಿದರೆ ನೀರೆಲ್ಲ ಯಾವುದರಲ್ಲಿ ಹೋಗುತ್ತೆ? ತಗ್ಗಿನ ಕಂಡಿ ನೀರನ್ನು ಮೇಲೇರಲು ಬಿಡಲ್ಲ. ಕೆಂಪು ಕೂಡ ವೋಲ್ಟೇಜನ್ನು 2ರಿಂದ ಮೇಲೆ ಏರಲು ಬಿಡಲಿಲ್ಲ. ಗದ್ದೆ ಕೆಲಸ ಗೊತ್ತಿರುವ ಹುಡುಗನಿಗೆ ಇದಕ್ಕಿಂತ ಜಾಸ್ತಿ ಹೇಳಬೇಕಾಗಲಿಲ್ಲ.

ಬೋರ್ಡ್ ಮೇಲೆ ಜಾಗ ಹುಡುಕುವುದೇ ದೊಡ್ಡ ಕೆಲಸ. ಬಟನ್ ಕೆಳಗೆ ಒಂದು ರಬ್ಬರ್ ಹಾಳೆ ಇದೆ, ಅದರಲ್ಲಿ ಸಣ್ಣ ಸಣ್ಣ ಉಬ್ಬುಗಳು. ಪ್ರತಿ ಉಬ್ಬಿನ ತಳದಲ್ಲಿ ಕಪ್ಪು ಕಾರ್ಬನ್ ಬಿಲ್ಲೆ. ಬಟನ್ ಒತ್ತಿದಾಗ ಬಿಲ್ಲೆ ಬೋರ್ಡ್ ಮೇಲಿನ ಗೆರೆಗಳನ್ನು ಮುಟ್ಟಿ ಒಂದಕ್ಕೊಂದು ಜೋಡಿಸುತ್ತದೆ. ಆ ಜಾಗವನ್ನು ಮುಟ್ಟುವ ಹಾಗಿಲ್ಲ. ಹಾಗಾಗಿ ಕಾಲಿರುವ ಎಲ್‌ಇಡಿ ಬದಿಗಿಟ್ಟು ಚಿಪ್ ಎಲ್‌ಇಡಿ ತಗೊಂಡೆವು. 1.6 ಮಿಲಿಮೀಟರ್ ಉದ್ದ, 0.8 ಅಗಲ. ರಾಗಿ ಕಾಳಿನಷ್ಟು. ಚಿಮಟದಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಕೂದಲಿನಂಥ ಎನಾಮಲ್ ವೈರ್ ಬೆಸೆಯಬೇಕು. ಒಂದು ಸೀನು ಬಂತು, ಎರಡು ಎಲ್‌ಇಡಿ ಮಾಯ. ಉಬ್ಬಿನ ಪಕ್ಕ ರಬ್ಬರ್‌ನಲ್ಲಿ ತೂತು ಕೊರೆದು, ಬೆಳಕು ಬಟನ್‌ನ ಟೊಳ್ಳಿಗೆ ಬೀಳುವ ಹಾಗೆ ಕೂರಿಸಿದೆವು.

ಬಣ್ಣ ಇರುವ ಬಟನ್‌ಗೆ ಅದೇ ಬಣ್ಣದ ಎಲ್‌ಇಡಿ ಬೇಕು. ಅವನು ತಮಾಷೆಗೆ ಕೆಂಪು ಬಟನ್ ಕೆಳಗೆ ನೀಲಿ ಇಟ್ಟು ನೋಡಿದ, ಏನೂ ಕಾಣಲಿಲ್ಲ. ಕೆಂಪು ಪ್ಲಾಸ್ಟಿಕ್ ತನ್ನದಾಗಿ ಕೆಂಪನ್ನು ಹುಟ್ಟಿಸಲ್ಲ, ಬಿದ್ದ ಬೆಳಕಿನಲ್ಲಿ ಕೆಂಪು ಬಿಟ್ಟು ಉಳಿದದ್ದನ್ನು ನುಂಗುತ್ತದೆ. ಕೊಡವರ ಕಕ್ಕಡ ತಿಂಗಳ 18ಕ್ಕೆ ಅಕ್ಕ ಮಾಡುವ ಮದ್ದು ಸೊಪ್ಪಿನ ಪಾಯಸವೂ ಹಾಗೇ. ಎಷ್ಟು ಚಂದದ ನೇರಳೆ ಬಣ್ಣ! ಕರೆಂಟ್ ಹೋದರೆ ಬಟ್ಟಲಲ್ಲಿ ಬರೀ ಕಪ್ಪು.

ಇನ್ನೊಂದು ತೊಂದರೆ, ಪಾರದರ್ಶಕ ಬಟನ್‌ನ ಒಳಗೆ ಎಲ್‌ಇಡಿ ಒಂದು ಚುಕ್ಕಿಯಾಗಿ ಕಣ್ಣಿಗೆ ಚುಚ್ಚುತ್ತಿತ್ತು. ಬಟನ್‌ನ ಒಳಮೈಗೆ ನಯವಾದ ಮರಳು ಕಾಗದ ತಿಕ್ಕಿದೆವು. ಗೀರುಗಳಿಗೆ ಬಡಿದು ಬೆಳಕು ಎಲ್ಲ ಕಡೆಗೂ ಚದುರಿ ಇಡೀ ಬಟನ್ ಮೆತ್ತಗೆ ತುಂಬಿಕೊಂಡಿತು. ಮಡಿಕೇರಿ ರಸ್ತೆಯಲ್ಲಿ ಮಂಜಿನೊಳಗೆ ಬರುವ ಜೀಪಿನ ಲೈಟ್ ಹತ್ತಿರ ಬರುವ ತನಕ ದೊಡ್ಡ ಬೆಳ್ಳನೆ ಉಂಡೆಯಾಗಿ ಕಾಣುತ್ತಲ್ಲ, ಅದೇ ಕತೆ.

ಕಂಟ್ರೋಲರ್ ಮುಚ್ಚಿ ನಾನು ಮನೆಗೆ ಬಂದೆ. ಮೂರು ದಿನಕ್ಕೆ ಮತ್ತೆ ಫೋನ್. "ಮಾವ, ಇದು ತಾನೇ ಜಿಗೀತಿದೆ." ಗೇಮ್‌ನಲ್ಲಿದ್ದವನು ಬಟನ್ ಮುಟ್ಟದಿದ್ದರೂ ಹಾರುತ್ತಿದ್ದನಂತೆ. ಬೆಸುಗೆ ಹಾಕುವಾಗ ಬಳಸಿದ ಫ್ಲಕ್ಸ್‌ನ ಜಿಡ್ಡನ್ನು ನಾನು ಒರೆಸಿರಲಿಲ್ಲ. ವರ್ಷಕ್ಕೆ 3000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಬೀಳುವ ಕಡೆ, ಬೀರುವಿನೊಳಗಿನ ಚಪ್ಪಲಿಗೂ ಬೂಸು ಬರುವ ಕಾಲದಲ್ಲಿ, ಆ ಜಿಡ್ಡು ತೇವ ಹೀರಿಕೊಂಡು ಗೆರೆಗಳ ನಡುವೆ ಕರೆಂಟ್ ಸೋರಿಸಿದೆ. ಬಟನ್ ಒತ್ತಿದಾಗಲೂ ಕಾರ್ಬನ್ ಬಿಲ್ಲೆಯಲ್ಲಿ ಹರಿಯುವುದು ತೀರಾ ಸಣ್ಣ ಕರೆಂಟ್, ಹಾಗಾಗಿ ಅಷ್ಟು ಸೋರಿಕೆಯನ್ನೇ ಅದು ಬೆರಳು ಅಂದುಕೊಂಡಿತು. ಹಳೇ ಬ್ರಷ್‌ನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ತಿಕ್ಕಿ, ಒಲೆಯಿಂದ ಒಂದು ಮಾರು ದೂರ ಇಟ್ಟು ಒಣಗಿಸಿದ ಮೇಲೆ ಸರಿಹೋಯಿತು.

ಆವತ್ತು ರಾತ್ರಿ ಅಲ್ಲೇ ಉಳಿದೆ. ಕರೆಂಟ್ ಹೋಯಿತು. ನಾಲ್ಕು ಬಟನ್‌ಗೂ ಸಮ ಕರೆಂಟ್, ಹಗಲಲ್ಲಿ ನೋಡಿದಾಗ ಸರಿಯಾಗಿಯೇ ಇದ್ದವು. ಕತ್ತಲೆಗೆ ಕಣ್ಣು ಹೊಂದಿಕೊಂಡ ಮೇಲೆ ಕೆಂಪು ಕುಗ್ಗಿತು, ನೀಲಿ ಕಣ್ಣು ಕುಕ್ಕತೊಡಗಿತು. ಕತ್ತಲಲ್ಲಿ ಕೆಲಸ ಮಾಡುವ ಕಣ್ಣಿನ ಕೋಶಗಳೇ ಬೇರೆ. ಅವಕ್ಕೆ ಕೆಂಪು ಹೆಚ್ಚುಕಮ್ಮಿ ಕಾಣುವುದೇ ಇಲ್ಲ, ನೀಲಿ ಹಸಿರು ಚೆನ್ನಾಗಿ ಕಾಣುತ್ತದೆ. ಮುಸ್ಸಂಜೆಯಲ್ಲಿ ಅಂಗಳದ ಕೆಂಪು ದಾಸವಾಳ ಎಲೆಗಿಂತ ಮೊದಲು ಕಪ್ಪಾಗೋದನ್ನು ನೀವೂ ನೋಡಿರುತ್ತೀರಿ. ಚೆಕ್ ವಿಜ್ಞಾನಿ ಪುರ್ಕಿನ್ಯೆ ಇದನ್ನು ಗಮನಿಸಿ ಹೇಳಿ ಸುಮಾರು 200 ವರ್ಷ ಆಯಿತು.

ಬೆಳಿಗ್ಗೆ ಎದ್ದು ನೋಡಿದರೆ ಹುಡುಗ ಮತ್ತೆ ಸ್ಕ್ರೂ ಬಿಚ್ಚುತ್ತಿದ್ದ. ನೀಲಿಯ 390 ಓಮ್ ತೆಗೆದು 2200 ಹಾಕಿದ. ಈಗ ಅದಕ್ಕೆ ಬರೀ 1 ಮಿಲಿಆಂಪ್. ಅಷ್ಟಕ್ಕೂ ನಾಲ್ಕರಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದೇ.