ಟೋಕನೈಸೇಷನ್: ಕಾರ್ಡ್ ಸಂಖ್ಯೆ ಅಂಗಡಿಯ ಬಳಿ ಉಳಿಯದಂತೆ

ಆನ್‌ಲೈನ್‌ನಲ್ಲಿ ಕಾರ್ಡ್ ಮೂಲಕ ಹಣ ಕಟ್ಟುವಾಗ, ಆರ್‌ಬಿಐ ನಿಯಮದಂತೆ ನಿಮ್ಮ ಕಾರ್ಡನ್ನು ಸುರಕ್ಷಿತಗೊಳಿಸಬೇಕೇ ಎಂದು ಕೇಳುವ ಪುಟ್ಟ ಚೌಕವೊಂದು ಕಾಣಿಸುತ್ತದೆ. ಅವಸರದಲ್ಲಿ ಬಹಳ ಮಂದಿ ಅದನ್ನು ಓದುವುದೇ ಇಲ್ಲ. ಅಲ್ಲಿ ಒಪ್ಪಿಗೆ ಕೇಳುತ್ತಿರುವುದು ಟೋಕನೈಸೇಷನ್‌ಗೆ, ಅಂದರೆ ಕಾರ್ಡ್ ಸಂಖ್ಯೆಯ ಬದಲು ಟೋಕನ್ ಎಂಬ ಬೇರೊಂದು ಸಂಖ್ಯೆಯನ್ನು ಅಂಗಡಿಗೆ ಕೊಡುವ ಏರ್ಪಾಡಿಗೆ.

ಹಿಂದೆ ಅಂಗಡಿಗಳು ಕಾರ್ಡ್ ಸಂಖ್ಯೆಯನ್ನೂ ಅದರ ಅವಧಿ ಮುಗಿಯುವ ದಿನಾಂಕವನ್ನೂ ತಮ್ಮ ಸರ್ವರ್‌ಗಳಲ್ಲೇ ಇಟ್ಟುಕೊಳ್ಳುತ್ತಿದ್ದವು. ಹತ್ತು ಕಡೆ ಕೊಂಡವರ ವಿವರ ಹತ್ತೂ ಕಡೆ ಬಿದ್ದಿರುತ್ತಿತ್ತು. ಒಂದೆಡೆ ಕನ್ನ ಬಿದ್ದರೆ ಸಾಕಿತ್ತು. ಒಟಿಪಿ ಕೇಳದ ವಿದೇಶಿ ತಾಣಗಳಲ್ಲಿ ಕದ್ದ ವಿವರ ಸುಲಭವಾಗಿ ಚಲಾವಣೆಯಾಗುತ್ತದೆ. ಗಡುವು ಹಲವು ಸಲ ಮುಂದೆ ಹೋದ ಮೇಲೆ, 2022ರ ಅಕ್ಟೋಬರ್ 1ರಿಂದ ಭಾರತದಲ್ಲಿ ಅಂಗಡಿಗಳು ಹೀಗೆ ವಿವರ ಇಟ್ಟುಕೊಳ್ಳುವುದಕ್ಕೆ ತಡೆ ಬಿತ್ತು. ಈಗ ಪೂರ್ಣ ಸಂಖ್ಯೆಯನ್ನು ಇಟ್ಟುಕೊಳ್ಳಬಹುದಾದವರು ಕಾರ್ಡ್ ಕೊಟ್ಟ ಬ್ಯಾಂಕ್ ಮತ್ತು ವೀಸಾ, ಮಾಸ್ಟರ್‌ಕಾರ್ಡ್, ರುಪೇಯಂಥ ಜಾಲಗಳು ಮಾತ್ರ. ಲೆಕ್ಕ ತಾಳೆ ನೋಡಲು ಕೊನೆಯ ನಾಲ್ಕು ಅಂಕಿ ಮತ್ತು ಬ್ಯಾಂಕಿನ ಹೆಸರನ್ನು ಅಂಗಡಿಯೂ ಇಟ್ಟುಕೊಳ್ಳಬಹುದು.

ಒಂದೇ ಕಾರ್ಡಿಗೆ ಬಟ್ಟೆಯಂಗಡಿಯಲ್ಲಿ ಒಂದು ಟೋಕನ್, ಔಷಧದಂಗಡಿಯಲ್ಲಿ ಇನ್ನೊಂದು. ಅಂಗಡಿ ಟೋಕನ್ ಕಳಿಸುತ್ತದೆ. ಅದು ಯಾವ ಕಾರ್ಡಿನದೆಂದು ಜಾಲ ತನ್ನ ದಾಖಲೆಯಲ್ಲಿ ನೋಡಿ ಬ್ಯಾಂಕನ್ನು ಕೇಳುತ್ತದೆ. ಹಾಗಾಗಿ ಬಟ್ಟೆಯಂಗಡಿಯಿಂದ ಕದ್ದ ಟೋಕನ್ ಔಷಧದಂಗಡಿಯಲ್ಲಿ ನಡೆಯುವುದಿಲ್ಲ. ಇದರ ನಿಜವಾದ ಬಲ ಇರುವುದು ಇಲ್ಲೇ.

ಆದರೆ ಇದರಿಂದ ಖಾಸಗಿತನಕ್ಕೆ ಪೂರ್ತಿ ರಕ್ಷಣೆ ಸಿಕ್ಕಿತೆಂದು ನಂಬಬಾರದು. ಯಾವ ಮಾತ್ರೆ ತರಿಸಿದಿರಿ, ಯಾವ ವಿಳಾಸಕ್ಕೆ, ಯಾವ ಮೊಬೈಲ್ ಸಂಖ್ಯೆಯಿಂದ ಎಂಬುದೆಲ್ಲ ಅಂಗಡಿಗೆ ಗೊತ್ತೇ ಇರುತ್ತದೆ. ಒಂದೇ ಮೊಬೈಲ್ ಸಂಖ್ಯೆಯನ್ನು ಎಲ್ಲೆಡೆ ಕೊಟ್ಟರೆ, ಕಾರ್ಡ್ ಸಂಖ್ಯೆ ಇಲ್ಲದೆಯೂ ನಮ್ಮ ಖರೀದಿಗಳನ್ನು ಜೋಡಿಸಿ ನೋಡಬಹುದು. ಟೋಕನ್ ಮರೆಮಾಡುವುದು ಕಾರ್ಡನ್ನು, ಕೊಳ್ಳುವವರನ್ನಲ್ಲ.

ಟೋಕನ್ ಮಾಡಿಸಲು ಗ್ರಾಹಕರು ಶುಲ್ಕ ಕಟ್ಟಬೇಕಿಲ್ಲ, ಒತ್ತಾಯವೂ ಇಲ್ಲ. ಬೇಡವೆಂದರೆ ಪ್ರತಿ ಸಲ ಕಾರ್ಡ್ ವಿವರ ತುಂಬಬೇಕಾಗುತ್ತದೆ, ಅಷ್ಟೆ. ಒಮ್ಮೆ ಒಪ್ಪಿದವರು ಹಿಂದೆಗೆಯಲೂಬಹುದು: ಯಾವ ಯಾವ ಅಂಗಡಿಗೆ ಟೋಕನ್ ಕೊಡಲಾಗಿದೆ ಎಂಬ ಪಟ್ಟಿಯನ್ನು ಬ್ಯಾಂಕ್ ತೋರಿಸಲೇಬೇಕು, ಬೇಡವಾದದ್ದನ್ನು ಅಲ್ಲೇ ರದ್ದು ಮಾಡಲು ಅವಕಾಶ ಕೊಡಬೇಕು. ಒಮ್ಮೆ ಏನನ್ನೋ ಕೊಂಡು ಮತ್ತೆ ತಿರುಗಿ ನೋಡದ ತಾಣಗಳ ಹೆಸರನ್ನು ಆ ಪಟ್ಟಿಯಿಂದ ಇವತ್ತೇ ತೆಗೆದುಹಾಕಿ.