ಡಬ್ಬಿಯ ಲೆಕ್ಕ ಬೇರೆ, ಲೋಟದ ಲೆಕ್ಕ ಬೇರೆ

ಬೇಸಿಗೆ ಕಾಲಿಟ್ಟಿತೆಂದರೆ ಹುಬ್ಬಳ್ಳಿಯ ನನ್ನ ಕ್ಲಿನಿಕ್ಕಿಗೆ ಬರುವ ಮಧುಮೇಹಿಗಳ ಕೈಚೀಲದಲ್ಲಿ ರಕ್ತಪರೀಕ್ಷೆಯ ರಿಪೋರ್ಟಿನ ಜೊತೆಗೆ ಒಂದೆರಡು ಡಬ್ಬಿಗಳೂ ಇರುತ್ತವೆ. ಮನೆಯಲ್ಲಿ ಬೆರೆಸಿ ಕುಡಿಯುವುದನ್ನೆಲ್ಲ ತನ್ನಿರೆಂದು ನಾನೇ ಹೇಳಿರುತ್ತೇನೆ. ನವನಗರದ ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ಕಿತ್ತಳೆ ಸ್ವಾದದ ಶರಬತ್ತಿನ ಪುಡಿ, ಹಾಲಿಗೆ ಹಾಕುವ ಮಾಲ್ಟ್ ಪುಡಿ ಮತ್ತು ‘ಸಕ್ಕರೆ ಸೇರಿಸಿಲ್ಲ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದ್ದ ಇನ್ನೊಂದು ಪುಡಿಯನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು, ‘ಇದರಾಗ ಯಾವುದು ಕುಡದ್ರ ಶುಗರ್ ಏರಂಗಿಲ್ಲ, ಅದೊಂದು ಹೇಳ್ರಿ’ ಎಂದರು. ಹಾಗೆ ಕೇಳುವಾಗಲೇ ಅವರ ಬೆರಳು ಮೂರನೆಯ ಡಬ್ಬಿಯ ಮೇಲಿತ್ತು.

ಆ ಮೂರನೆಯ ಡಬ್ಬಿಯನ್ನು ತಿರುಗಿಸಿದರೆ, ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಕಾಣುವ ಹೆಸರು ಮಾಲ್ಟೋಡೆಕ್ಸ್‌ಟ್ರಿನ್. ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮವಾದ್ದರಿಂದ, ಡಬ್ಬಿಯಲ್ಲಿ ಅದೇ ಎಲ್ಲಕ್ಕಿಂತ ಹೆಚ್ಚು ಎಂದಾಯಿತು. ಸಿಹಿಗಾಗಿ ಹಾಕಿರುವ ಸುಕ್ರಲೋಸ್ ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಚಿಟಿಕೆಗಿಂತ ಕಡಿಮೆ ಸಾಕು. ಹಾಗಾದರೆ ಡಬ್ಬಿ ತುಂಬುವುದು ಹೇಗೆ? ಮೆಕ್ಕೆಜೋಳದಂತಹ ಧಾನ್ಯದ ಪಿಷ್ಟವನ್ನು ಒಡೆದು ತಯಾರಿಸಿದ ಈ ಬಿಳಿ ಪುಡಿಯಿಂದ. ನಾಲಿಗೆಗೆ ಇದು ಅಷ್ಟಾಗಿ ಸಿಹಿ ಅನ್ನಿಸುವುದಿಲ್ಲ. ಅದು ಗ್ಲುಕೋಸ್ ಕಣಗಳ ಉದ್ದನೆಯ ಸರಪಳಿಯಾಗಿರುವುದರಿಂದ ಪೋಷಕಾಂಶಗಳ ಕೋಷ್ಟಕದ ‘ಸಕ್ಕರೆ’ ಎಂಬ ಸಾಲಿನಲ್ಲಿ ಅದರ ಲೆಕ್ಕವೂ ಹೆಚ್ಚುಕಡಿಮೆ ಬರುವುದಿಲ್ಲ. ಆದರೆ ಕರುಳು ತಲುಪಿದ ಕೂಡಲೇ ಅದು ಗ್ಲುಕೋಸ್ ಆಗಿಬಿಡುತ್ತದೆ.

ರಕ್ತದ ಸಕ್ಕರೆಯನ್ನು ಒಂದು ಆಹಾರ ಎಷ್ಟು ಏರಿಸುತ್ತದೆ ಎಂದು ಅಳೆಯುವ ಗ್ಲೈಸೆಮಿಕ್ ಸೂಚ್ಯಂಕವನ್ನು 1981ರಲ್ಲಿ ಕೆನಡಾದ ಟೊರೊಂಟೊದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಮುಂದಿಟ್ಟರು. ಅದರಲ್ಲಿ ಶುದ್ಧ ಗ್ಲುಕೋಸಿಗೆ 100 ಅಂಕ. ನಾವು ಚಹಾಕ್ಕೆ ಹಾಕುವ ಸಕ್ಕರೆಯ ಅರ್ಧಭಾಗ, ರಕ್ತದ ಗ್ಲುಕೋಸನ್ನು ಅಷ್ಟಾಗಿ ಏರಿಸದ ಫ್ರಕ್ಟೋಸ್ ಆಗಿರುವುದರಿಂದ ಅದು 65ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಮಾಲ್ಟೋಡೆಕ್ಸ್‌ಟ್ರಿನ್ ಮಾತ್ರ ಗ್ಲುಕೋಸಿನ ಪಕ್ಕದಲ್ಲೇ ಕೂರುತ್ತದೆ. ‘ಸಕ್ಕರೆ ಇಲ್ಲದ’ ಪುಡಿ ಗ್ರಾಂಗೆ ಗ್ರಾಂ ಸಕ್ಕರೆಗಿಂತಲೂ ಜೋರಾಗಿ ಮೀಟರ್ ಏರಿಸಬಹುದೆಂದಾಗ ಆ ಹಿರಿಯರು ಬೆರಳು ಹಿಂತೆಗೆದರು. ಆದ್ದರಿಂದ ನಾನು ಮೊದಲು ನೋಡುವುದು ಸಕ್ಕರೆಯ ಸಾಲನ್ನಲ್ಲ, ಅದರ ಮೇಲಿರುವ ಒಟ್ಟು ಕಾರ್ಬೋಹೈಡ್ರೇಟಿನ ಸಾಲನ್ನು.

ಅದಾದ ಮೇಲೆ ಲೋಟದ ಲೆಕ್ಕ. ಡಬ್ಬಿಯ ಮೇಲಿನ ಅಂಕಿ 100 ಗ್ರಾಂ ಪುಡಿಗೆ. ಕುಡಿಯುವವರು ಹಾಕಿಕೊಳ್ಳುವುದು ತುಂಬಿ ತುಳುಕುವ ಎರಡು ಚಮಚ, ಮಕ್ಕಳಿದ್ದ ಮನೆಯಲ್ಲಿ ಮೂರು. ಮಾಲ್ಟ್ ಪುಡಿಗಳಲ್ಲಿ ಕಾರ್ಬೋಹೈಡ್ರೇಟ್ ಸಾಮಾನ್ಯವಾಗಿ ನೂರಕ್ಕೆ 80ರ ಹತ್ತಿರ ಇರುತ್ತದೆ. 20 ಗ್ರಾಂ ಪುಡಿಯಿಂದ 16 ಗ್ರಾಂ, ಒಂದು ಲೋಟ ಹಾಲಿನಿಂದ 9-10 ಗ್ರಾಂ, ರೂಢಿಯಂತೆ ಮೇಲೆ ಹಾಕುವ ಎರಡು ಚಮಚ ಸಕ್ಕರೆಯಿಂದ ಮತ್ತೆ 10 ಗ್ರಾಂ ಸೇರಿದರೆ, 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಗೆ ಅದು ಸಮ. ರೊಟ್ಟಿಯನ್ನು ಪಲ್ಯ, ಕಾಳಿನೊಂದಿಗೆ ಅಗಿದು ತಿನ್ನಲು ಹತ್ತು ನಿಮಿಷ ಬೇಕು. ಇದು ಎರಡು ನಿಮಿಷದಲ್ಲಿ ಹೊಟ್ಟೆ ಸೇರಿರುತ್ತದೆ. ಇಂಥ ಪುಡಿಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ಗುಂಪಿನಲ್ಲಿ ಮಾರಬಾರದೆಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟಗಾರರಿಗೆ ಸೂಚಿಸಿತು. 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಹಾಗೊಂದು ವ್ಯಾಖ್ಯೆಯೇ ಇಲ್ಲ. ಮನೆಮಾತಿನಿಂದ ಮಾತ್ರ ಆ ಪದ ಇನ್ನೂ ಹೋಗಿಲ್ಲ.

ಆದರೂ ಮೂರರಲ್ಲಿ ಒಂದನ್ನು ಆರಿಸಲೇಬೇಕೆಂದರೆ, ಹಾಲಿನಲ್ಲಿ ಬೆರೆಸಿದ ಒಂದೇ ಚಮಚ ಮಾಲ್ಟ್, ಮೇಲೆ ಸಕ್ಕರೆ ಇಲ್ಲದೆ, ಎನ್ನುತ್ತೇನೆ. ಹಾಲಿನ ಕೊಬ್ಬು ಮತ್ತು ಪ್ರೋಟೀನು ಜಠರ ಖಾಲಿಯಾಗುವುದನ್ನು ನಿಧಾನಗೊಳಿಸುತ್ತವೆ. ಶರಬತ್ತಿನ ಪುಡಿ ಬಹುಪಾಲು ಸಕ್ಕರೆಯೇ, ಬೆರೆಯುವುದು ಬರೀ ನೀರಿನಲ್ಲಿ, ತಡೆಯುವವರು ಯಾರೂ ಇಲ್ಲ. ಆ ಸಕ್ಕರೆಯ ಅರ್ಧಭಾಗವಾದ ಫ್ರಕ್ಟೋಸ್ ಮೀಟರಿನಲ್ಲಿ ಅಷ್ಟಾಗಿ ಕಾಣದಿದ್ದರೂ ಯಕೃತ್ತಿಗೆ ಹೋಗಿ ಟ್ರೈಗ್ಲಿಸರೈಡ್ ಎಂಬ ರಕ್ತದ ಕೊಬ್ಬನ್ನು ಏರಿಸಬಲ್ಲದು. ಬೆಲ್ಲ ಹಾಕಿದ ರಾಗಿ ಮಾಲ್ಟೂ ಇದಕ್ಕೆ ಹೊರತಲ್ಲ. ಮೊಳಕೆ ಬರಿಸಿ ನುಣ್ಣಗೆ ಬೀಸಿದ ರಾಗಿ ಮುದ್ದೆಯ ರಾಗಿಯಂತೆ ನಿಧಾನವಾಗಿ ಜೀರ್ಣವಾಗುವುದಿಲ್ಲ. ಬಿಸಿಲಿಗೆ ನೀರು ಮಜ್ಜಿಗೆಯಷ್ಟು ಒಳ್ಳೆಯದು ಈ ಸಾಲಿನಲ್ಲಿ ಯಾವುದೂ ಇಲ್ಲ.

ಅನುಮಾನವಿದ್ದವರು ಮನೆಯ ಗ್ಲುಕೋಮೀಟರಿನಲ್ಲಿ ಕುಡಿಯುವ ಮುನ್ನ ಒಮ್ಮೆ, ಕುಡಿದ ಮುಕ್ಕಾಲು ಗಂಟೆಗೆ ಇನ್ನೊಮ್ಮೆ ನೋಡಬೇಕು. ದ್ರವರೂಪದ ಸಿಹಿ ಬೇಗ ಏರಿ ಬೇಗ ಇಳಿಯುವುದರಿಂದ, ಎರಡು ಗಂಟೆಯ ನಂತರ ಮಾತ್ರ ನೋಡಿದರೆ ಏರಿದ್ದು ತಪ್ಪಿಹೋಗುತ್ತದೆ.

ಗ್ಲುಕೋಸ್ ಪುಡಿಯದು ಮಾತ್ರ ಬೇರೆಯೇ ಪ್ರಶ್ನೆ. ದಣಿವಿಗೆಂದು ಅದನ್ನು ಕುಡಿಯುವುದು ಮಧುಮೇಹಿಗೆ ಸಲ್ಲದು, ಆದರೆ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಬಂದಾಗ ಅದೇ ಔಷಧ: 15 ಗ್ರಾಂ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಹಾಕಬಾರದು. ಇನ್ಸುಲಿನ್ ಇಲ್ಲವೇ ಇತರ ಮಾತ್ರೆಯ ಜೊತೆಗೆ ವೋಗ್ಲಿಬೋಸ್ ಅಥವಾ ಅಕಾರ್ಬೋಸ್ ತೆಗೆದುಕೊಳ್ಳುವವರಿಗೆ ಆಗ ಸಕ್ಕರೆಯಾಗಲಿ, ಶರಬತ್ತಾಗಲಿ, ಮಾಲ್ಟಾಗಲಿ ಬೇಗ ಕೆಲಸ ಮಾಡುವುದಿಲ್ಲ, ಏಕೆಂದರೆ ಅವುಗಳನ್ನು ಒಡೆಯುವ ಕಿಣ್ವವನ್ನೇ ಆ ಮಾತ್ರೆ ತಡೆದಿರುತ್ತದೆ. ಆ ಹಿರಿಯರ ಚೀಟಿಯಲ್ಲಿ ವೋಗ್ಲಿಬೋಸ್ ಇತ್ತು. ಸ್ವಾದ ಬೆರೆತ ಗ್ಲುಕೋಸ್ ಪುಡಿಗಳಲ್ಲಿ ಸಕ್ಕರೆಯೂ ಸೇರಿರಬಹುದಾದ್ದರಿಂದ ಸ್ವಾದವಿಲ್ಲದ ಬಿಳಿ ಪುಡಿಯ ಪೊಟ್ಟಣವೊಂದನ್ನು ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಳ್ಳುವಂತೆ ಬರೆದುಕೊಟ್ಟೆ.