ತುಂಬಿ ನಿಂತ ಕಂಪ್ರೆಸರ್ ಮತ್ತೆ ಚಾಲೂ ಆಗದೆ ಗುಂಯ್ ಎನ್ನುವುದೇಕೆ?

ಪ್ರಶ್ನೆ: ಮನೆಯಲ್ಲಿ 2 ಎಚ್‌ಪಿ ಮೋಟಾರಿನ, 24 ಲೀಟರ್ ಟ್ಯಾಂಕಿನ ಕಂಪ್ರೆಸರ್ ಇದೆ. ಖಾಲಿ ಟ್ಯಾಂಕಿನಿಂದ ಶುರು ಮಾಡಿದರೆ ಏನೂ ತೊಂದರೆಯಿಲ್ಲ, 8 ಬಾರ್ ಒತ್ತಡದವರೆಗೆ ಗಾಳಿ ತುಂಬಿಸಿ ತಾನಾಗಿ ನಿಲ್ಲುತ್ತದೆ. ಗಾಳಿ ಬಳಸಿ ಒತ್ತಡದ ಗೇಜಿನ ಮುಳ್ಳು 6ರ ಹತ್ತಿರ ಇಳಿದಾಗ ಮಾತ್ರ ಮತ್ತೆ ಓಡುವುದಿಲ್ಲ. ಗುಂಯ್ ಎಂದು ಸದ್ದು ಬಂದು ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನಾಗಿ ಆರುವ ಸ್ವಿಚ್) ಬೀಳುತ್ತದೆ. ಗಾಳಿಯೆಲ್ಲ ಬಿಟ್ಟು ಹಾಕಿದರೆ ಸಲೀಸಾಗಿ ಓಡುತ್ತದೆ. ಮೋಟಾರ್ ಹೋಗಿದೆ, ಒಳಗಿನ ತಂತಿ ಸುರುಳಿಯನ್ನು ಹೊಸದಾಗಿ ಸುತ್ತಿಸಿ, ಅಂದರೆ ವೈಂಡಿಂಗ್ ಮಾಡಿಸಿ ಎನ್ನುತ್ತಾರೆ. ಮಾಡಿಸಬೇಕೇ?

ಉತ್ತರ: ಈಗಲೇ ಬೇಡ. ವೈಂಡಿಂಗ್ ಸುಟ್ಟ ಮೋಟಾರು ಖಾಲಿ ಟ್ಯಾಂಕನ್ನೂ 8 ಬಾರ್‌ವರೆಗೆ ತುಂಬಿಸಲಾರದು. ನಿಮ್ಮದು ತುಂಬಿಸುತ್ತಿದೆ ಎಂದರೆ ಮೋಟಾರಿನಲ್ಲಿ ಇನ್ನೂ ಜೀವವಿದೆ. ಶುರುವಾಗುವ ಗಳಿಗೆಯಲ್ಲಿ ಅದರ ಮೇಲೆ ಇರಬಾರದ ಹೊರೆ ಕೂತಿದೆ, ಇಲ್ಲವೇ ಅದಕ್ಕೆ ಸಿಗಬೇಕಾದ ಬಲ ಸಿಗುತ್ತಿಲ್ಲ. ಮೊದಲನೆಯದೇ ಹೆಚ್ಚು ಸಾಮಾನ್ಯ, ರಿಪೇರಿಯೂ ಅಗ್ಗ.

ಹೊರೆ ಎಂದರೆ ಎಷ್ಟು? ಪಿಸ್ಟನ್ ವ್ಯಾಸ 47 ಮಿ.ಮೀ. ಎಂದುಕೊಳ್ಳಿ. 8 ಬಾರ್ ಒತ್ತಡ ಅದರ ನೆತ್ತಿಯ ಮೇಲೆ ಸುಮಾರು 140 ಕಿಲೋ ಭಾರವಾಗಿ ಕೂರುತ್ತದೆ, 6 ಬಾರ್ ಆದರೆ ನೂರು ಕಿಲೋ ದಾಟುತ್ತದೆ. ನಿಮಿಷಕ್ಕೆ 2800 ಸುತ್ತು ಓಡುತ್ತಿರುವಾಗ ಅದೇ ವೇಗದ ಜೋರಿನಲ್ಲಿ ಪಿಸ್ಟನ್ ಈ ಭಾರವನ್ನು ದಾಟಿಬಿಡುತ್ತದೆ. ನಿಂತಲ್ಲಿಂದ ಏಳುವ ಸಿಂಗಲ್ ಫೇಸ್ ಮೋಟಾರಿಗೆ ಆ ತಾಕತ್ತಿಲ್ಲ. ಅದಕ್ಕೇ ಈ ಯಂತ್ರದಲ್ಲಿ ಒಂದು ಏರ್ಪಾಡಿದೆ.

ಪಂಪಿನ ತಲೆಯಿಂದ ಟ್ಯಾಂಕಿಗೆ ಬೆರಳು ದಪ್ಪದ ಲೋಹದ ಕೊಳವೆ ಇಳಿಯುತ್ತದೆ. ಅದು ಟ್ಯಾಂಕ್ ಸೇರುವ ಜಾಗದಲ್ಲಿರುವ ಹಿತ್ತಾಳೆ ತುಂಡೇ ನಾನ್ ರಿಟರ್ನ್ ವಾಲ್ವ್, ಅಂಗಡಿಯವರ ಬಾಯಲ್ಲಿ ಎನ್‌ಆರ್‌ವಿ. ಗಾಳಿ ಒಳಗೆ ಹೋಗಬಹುದು, ಹಿಂದಕ್ಕೆ ಬರಬಾರದು. ಆ ತುಂಡಿನ ಪಕ್ಕದಿಂದಲೇ ಪೆನ್ನಿನ ರೀಫಿಲ್‌ಗಿಂತ ತುಸು ದಪ್ಪದ ಸಣ್ಣ ಪೈಪು ಹೊರಟು, ಟ್ಯಾಂಕಿನ ಒತ್ತಡಕ್ಕೆ ತಕ್ಕಂತೆ ಮೋಟಾರನ್ನು ಆನ್, ಆಫ್ ಮಾಡುವ ಪ್ರೆಶರ್ ಸ್ವಿಚ್‌ನ ಬುಡ ಸೇರುತ್ತದೆ. ಅಲ್ಲಿ ಒಂದು ಪುಟ್ಟ ಪಿನ್ ಇದೆ. ಟ್ಯಾಂಕ್ ತುಂಬಿ ಸ್ವಿಚ್ ಕಟ್ ಆದಾಗ ಒಳಗಿನ ಸನ್ನೆ ಈ ಪಿನ್ನನ್ನು ಒತ್ತುತ್ತದೆ. ಪಂಪಿನ ತಲೆಗೂ ಎನ್‌ಆರ್‌ವಿಗೂ ನಡುವೆ ಸಿಕ್ಕಿಕೊಂಡ ಗಾಳಿ ಹೊರಗೆ ಹೋಗುತ್ತದೆ. ಕಂಪ್ರೆಸರ್ ನಿಂತ ಕೂಡಲೇ ಕೇಳುವ ‘ಪುಸ್ಸ್’ ಸದ್ದು ಇದೇ. ಪಿನ್ ಇರುವ ಈ ಭಾಗದ ಹೆಸರು ಅನ್‌ಲೋಡರ್.

ಈ ಪುಸ್ಸ್ ಎಂಬುದನ್ನು ಕಿವಿಗೊಟ್ಟು ಕೇಳಿದರೆ ಅರ್ಧ ರಿಪೇರಿ ಮುಗಿದಂತೆ. ಒಂದೆರಡು ಸೆಕೆಂಡು ಬಂದು ನಿಂತರೆ ಎಲ್ಲ ಸರಿಯಿದೆ. ಸದ್ದೇ ಬರದಿದ್ದರೆ ಅನ್‌ಲೋಡರ್ ಪಿನ್ ಜಾಮ್ ಆಗಿದೆ ಅಥವಾ ಸಣ್ಣ ಪೈಪು ಕಟ್ಟಿದೆ. ಶುರುವಾದ ಸದ್ದು ನಿಲ್ಲದೆ ಮುಳ್ಳು ಇಳಿಯುತ್ತಲೇ ಇದ್ದರೆ ಎನ್‌ಆರ್‌ವಿ ಹಿಡಿಯುತ್ತಿಲ್ಲ, ಟ್ಯಾಂಕಿನ ಗಾಳಿಯೇ ವಾಪಸ್ ಬಂದು ಪಿನ್ನಿನ ದಾರಿಯಲ್ಲಿ ಸೋರುತ್ತಿದೆ. ಮುಳ್ಳು 6ಕ್ಕೆ ಇಳಿದಾಗ ಸ್ವಿಚ್ ಮತ್ತೆ ಸೇರಿ ಪಿನ್ ಮುಚ್ಚಿಕೊಳ್ಳುತ್ತದೆ; ಹೊರಹೋಗಲು ದಾರಿಯಿಲ್ಲದ ಗಾಳಿ ನೇರ ಪಂಪಿನ ತಲೆಗೆ ನುಗ್ಗುತ್ತದೆ. ಮೋಟಾರು ಗುಂಯ್ ಎನ್ನುವುದು ಆಗ. ನೀವು ಹೇಳುವ ಲಕ್ಷಣಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಬಿಚ್ಚುವ ಮೊದಲು ಒಂದು ಮಾತು: ಕಂಪ್ರೆಸರನ್ನು ಎಲ್ಲಿ ಆಫ್ ಮಾಡುತ್ತೀರಿ? ಗೋಡೆಯ ಸ್ವಿಚ್‌ನಲ್ಲಾದರೆ ದೋಷ ಯಂತ್ರದ್ದೇ ಆಗಿರಬೇಕಿಲ್ಲ. ಓಡುತ್ತಿರುವಾಗ ಗೋಡೆಯಲ್ಲಿ ಆರಿಸಿದರೆ ಪ್ರೆಶರ್ ಸ್ವಿಚ್‌ಗೆ ಅದು ಗೊತ್ತೇ ಆಗುವುದಿಲ್ಲ, ಸನ್ನೆ ಪಿನ್ ಒತ್ತುವುದಿಲ್ಲ, ತಲೆಯ ಗಾಳಿ ಅಲ್ಲೇ ಉಳಿಯುತ್ತದೆ. ಕರೆಂಟ್ ಹೋದಾಗ ಆಗುವುದೂ ಇದೇ. ಅರ್ಧ ತುಂಬಿದ ಹೊತ್ತಿಗೆ ಕರೆಂಟ್ ಹೋಗಿ, ನಿಮಿಷದಲ್ಲಿ ಮರಳಿ ಬಂದು, ಹತ್ತಿರ ಯಾರೂ ಇಲ್ಲದಿದ್ದರೆ ಮೋಟಾರು ಗುಂಯ್‌ಗುಟ್ಟುತ್ತಾ ಬಿಸಿಯೇರುತ್ತದೆ. ನಮ್ಮ ಕಡೆ ಮನೆ ಕಂಪ್ರೆಸರ್‌ಗಳ ವೈಂಡಿಂಗ್ ನಿಜಕ್ಕೂ ಸುಡುವ ದಾರಿಗಳಲ್ಲಿ ಇದೂ ಒಂದು. ಕರೆಂಟ್ ಹೋದ ತಕ್ಷಣ ಪ್ರೆಶರ್ ಸ್ವಿಚ್‌ನ ಮೇಲಿನ ಕೆಂಪು ಗುಂಡಿಯನ್ನು ಆಫ್ ಮಾಡಿ, ಪುಸ್ಸ್ ಕೇಳಿಸಿಕೊಳ್ಳಿ. ಕರೆಂಟ್ ಬಂದ ಮೇಲೆ ಅದೇ ಗುಂಡಿಯಿಂದ ಆನ್ ಮಾಡಿ. ಗೋಡೆಯ ಸ್ವಿಚ್ ಕೊನೆಗೆ ಆರಿಸುವುದಕ್ಕೆ ಮಾತ್ರ.

ಗುಂಡಿಯಿಂದಲೇ ಆರಿಸಿದರೂ ತೊಂದರೆ ಹೋಗದಿದ್ದರೆ, ದೋಷ ಗಾಳಿಯದೋ ಕರೆಂಟಿನದೋ ಎಂದು ಹೇಳುವ ಪರೀಕ್ಷೆ ಒಂದಿದೆ. ಟ್ಯಾಂಕ್ ತುಂಬಿಸಿ, ಗಾಳಿ ಬಳಸಿ ಮುಳ್ಳನ್ನು 6ರ ಹತ್ತಿರ ತನ್ನಿ. ಗುಂಯ್ ಎಂದ ಕೂಡಲೇ ಗುಂಡಿ ಆಫ್ ಮಾಡಿ. ಐದು ಸೆಕೆಂಡಿಗಿಂತ ಹೆಚ್ಚು ಗುಂಯ್‌ಗುಡಲು ಬಿಡಬೇಡಿ. ಪ್ಲಗ್ ಕಿತ್ತು ಅರ್ಧ ಗಂಟೆ ಆರಲು ಬಿಡಿ, ಆ ಕೊಳವೆ ನೂರು ಡಿಗ್ರಿ ದಾಟಿ ಬಿಸಿಯಾಗಿರುತ್ತದೆ. ಕನ್ನಡಕ ಹಾಕಿಕೊಂಡು, ಎನ್‌ಆರ್‌ವಿಗೆ ಸೇರಿರುವ ಸಣ್ಣ ಪೈಪಿನ ನಟ್ಟನ್ನು ನಿಧಾನವಾಗಿ ಅರ್ಧ ಸುತ್ತು, ಒಂದು ಸುತ್ತು ಸಡಿಲಿಸಿ. ಪೈಪು ಪೂರ್ತಿ ಕಳಚಬಾರದು, ಮುಖ ಆ ಕಡೆ ಇರಬಾರದು.

ಸಡಿಲಿಸಿದಾಗ ಗಾಳಿ ಬಂದು, ನಿಲ್ಲದೆ ಬರುತ್ತಲೇ ಇದ್ದರೆ ಎನ್‌ಆರ್‌ವಿ ಸೋರುತ್ತಿದೆ ಎಂದು ಖಚಿತ. ಸ್ವಲ್ಪ ಗಾಳಿ ಹೋಗಿ ನಿಂತರೆ ನಟ್ಟು ಬಿಗಿದು ಪ್ಲಗ್ ಹಾಕಿ ಆನ್ ಮಾಡಿ. ಈಗ ಸಲೀಸಾಗಿ ಓಡಿದರೆ ಎನ್‌ಆರ್‌ವಿ ಸರಿಯಿದೆ, ಆ ಗಾಳಿಯನ್ನು ಅನ್‌ಲೋಡರ್ ಬಿಡಬೇಕಿತ್ತು, ಬಿಟ್ಟಿಲ್ಲ. ತಲೆಯಲ್ಲಿ ಗಾಳಿಯೇ ಇಲ್ಲದಿದ್ದರೂ ಗುಂಯ್ ಎಂದರೆ ಮೋಟಾರು ಏಳಲು ನೆರವಾಗುವ ಕೆಪಾಸಿಟರ್ ಅಥವಾ ವೋಲ್ಟೇಜ್ ಕಡೆ ನೋಡಬೇಕು.

ಎನ್‌ಆರ್‌ವಿ ಬಿಚ್ಚುವಾಗ ಟ್ಯಾಂಕ್ ಪೂರ್ತಿ ಖಾಲಿಯಿರಬೇಕು. ಗೇಜ್ ಸೊನ್ನೆ ತೋರಿಸಿದರೆ ಸಾಲದು, ಗೇಜೇ ಕೆಟ್ಟಿರಬಹುದು. ಟ್ಯಾಂಕಿನ ಕೆಳಗಿನ ಡ್ರೈನ್ ತೆರೆದಿಟ್ಟುಕೊಂಡೇ ಕೆಲಸ ಮಾಡಿ. ದಪ್ಪ ಕೊಳವೆಯ ನಟ್ಟನ್ನು ಎನ್‌ಆರ್‌ವಿ ಕಡೆ ಪೂರ್ತಿ ಬಿಚ್ಚಿ; ಪಂಪಿನ ಕಡೆಯದನ್ನು ಸ್ವಲ್ಪ ಸಡಿಲಿಸಿದರೆ ಕೊಳವೆಯನ್ನು ಬಗ್ಗಿಸದೆ ಪಕ್ಕಕ್ಕೆ ಸರಿಸಬಹುದು. ಕೆಲವು ಎನ್‌ಆರ್‌ವಿಗಳಿಗೆ ಮೇಲೆ ಆರು ಮೂಲೆಯ ಮುಚ್ಚಳ ಇರುತ್ತದೆ, ಅದನ್ನು ತೆಗೆದರೆ ಸಾಕು. ಇಲ್ಲದಿದ್ದರೆ ಇಡೀ ತುಂಡನ್ನೇ ಟ್ಯಾಂಕಿನಿಂದ ತಿರುಚಿ ತೆಗೆಯಬೇಕು.

ಒಳಗೆ ಒಂದು ಸ್ಪ್ರಿಂಗು, ಒಂದು ರಬ್ಬರ್ ಬಿಲ್ಲೆ. ಬಿಲ್ಲೆಯ ಮೇಲೆ ಕಪ್ಪು ಮಸಿ ಕೂತಿದ್ದರೆ ಸೀಮೆಎಣ್ಣೆ ಅದ್ದಿದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿಸಿ. ರಬ್ಬರ್ ಬಿರುಸಾಗಿ ಉಂಗುರದಂತೆ ಅಚ್ಚು ಬಿದ್ದಿದ್ದರೆ ಮಗುಚಿ ಹಾಕಿ ಕೆಲವು ದಿನ ನೂಕಬಹುದು, ಆದರೆ ಹೊಸದು ತರಲೇಬೇಕು. ಬಿಲ್ಲೆ ಕೂರುವ ಹಿತ್ತಾಳೆಯ ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಬೇಡಿ. ಕೂದಲೆಳೆಯಷ್ಟು ಗೀರು ಬಿದ್ದರೂ ಮತ್ತೆ ಸೋರುತ್ತದೆ. ಜೋಡಿಸಿದ ಮೇಲೆ ಬಾಯಿಂದ ಊದಿ ನೋಡಿ. ಪಂಪಿನ ಕಡೆಯಿಂದ ಊದುವಾಗ ಪಕ್ಕದ ಸಣ್ಣ ತೂತನ್ನು ಬೆರಳಿನಿಂದ ಮುಚ್ಚಿ, ಗಾಳಿ ಟ್ಯಾಂಕಿನ ಕಡೆ ಹೋಗಬೇಕು. ಟ್ಯಾಂಕಿನ ಕಡೆಯಿಂದ ಊದಿದರೆ ಸಣ್ಣ ತೂತಿನಿಂದಲೂ ಉಸಿರು ಬರಬಾರದು.

ಹೊಸದು ತರಲು ಹೋಗುವಾಗ ಹಳೆಯದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. ಒಂದೇ ಅಳತೆಯಂತೆ ಕಾಣುವ ಎರಡು ತುಂಡುಗಳ ಥ್ರೆಡ್ ಬೇರೆಯಾಗಿರುತ್ತದೆ, ಪಕ್ಕದ ತೂತಿನ ಅಳತೆಯೂ ಬೇರೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಕಡೆ ಹಳೆಯದನ್ನು ಕೌಂಟರ್ ಮೇಲಿಟ್ಟರೆ ಮಾತೇ ಬೇಕಾಗುವುದಿಲ್ಲ. ಟ್ಯಾಂಕಿಗೆ ಕೂರುವ ಥ್ರೆಡ್‌ಗೆ ಮಾತ್ರ ಟೆಫ್ಲಾನ್ ಟೇಪನ್ನು ಬಿಗಿಯುವ ದಿಕ್ಕಿನಲ್ಲೇ ನಾಲ್ಕೈದು ಸುತ್ತು ಸುತ್ತಿ. ಕೊಳವೆಗಳ ನಟ್ಟಿಗೆ ಟೇಪ್ ಬೇಡ, ಒಳಗಿನ ಹಿತ್ತಾಳೆ ಉಂಗುರವೇ ಗಾಳಿ ತಡೆಯುತ್ತದೆ.

ಬಿಲ್ಲೆ ಮೇಲೆ ಮಸಿ ಬಂದದ್ದೆಲ್ಲಿಂದ? ಎಣ್ಣೆಯಿಂದ. ಪಂಪಿನ ಎಣ್ಣೆ ಗಾಜಿನ ಕೆಂಪು ಚುಕ್ಕೆಯ ನಡುಮಟ್ಟದಲ್ಲಿರಬೇಕು. ಜಾಸ್ತಿ ಇದ್ದರೆ ಒಳ್ಳೆಯದೆಂದು ತುಂಬಿಸಿದರೆ ಅದು ಪಿಸ್ಟನ್ ದಾಟಿ ಮೇಲೇರಿ, ಬಿಸಿ ಕೊಳವೆಯಲ್ಲಿ ಸುಟ್ಟು ಮಸಿಯಾಗುತ್ತದೆ. ಬೈಕಿನ ಎಂಜಿನ್ ಆಯಿಲ್ ಬೇಡ, ಕಂಪ್ರೆಸರ್‌ಗೆಂದೇ ಬರುವ ಆಯಿಲ್ ಹಾಕಿ. ಆಯಿಲ್ ಫ್ರೀ ಮಾದರಿಯಾಗಿದ್ದರೆ ಒಂದು ಹನಿಯನ್ನೂ ಹಾಕುವಂತಿಲ್ಲ.

ಅನ್‌ಲೋಡರ್ ದೋಷವಾದರೆ ಪ್ಲಗ್ ಕಿತ್ತು, ಟ್ಯಾಂಕ್ ಖಾಲಿ ಮಾಡಿ ಪ್ರೆಶರ್ ಸ್ವಿಚ್‌ನ ಮುಚ್ಚಳ ತೆಗೆಯಿರಿ. ಗುಂಡಿಯನ್ನು ಆನ್, ಆಫ್ ಮಾಡುತ್ತಾ ಸನ್ನೆ ಪಿನ್ನನ್ನು ಮುಟ್ಟಿ ಒತ್ತುತ್ತದೆಯೇ ನೋಡಿ. ಬೆರಳಿನಿಂದ ಒತ್ತಿದಾಗ ಪಿನ್ ಒಳಗೆ ಹೋಗಿ ಪುಟಿದು ಬರಬೇಕು. ಸಣ್ಣ ಪೈಪಿನಲ್ಲಿ ಊದಿ. ಕಟ್ಟಿದ್ದರೆ ಅದನ್ನೇ ಬದಲಿಸುವುದು ಕಡಿಮೆ ಕೆಲಸ. ಅಲ್ಲೇ ಸ್ವಿಚ್‌ನ ಕಾಂಟ್ಯಾಕ್ಟ್‌ಗಳನ್ನೂ ನೋಡಿ: ಸುಟ್ಟು ಕುಳಿ ಬಿದ್ದಿದ್ದರೆ ವೋಲ್ಟೇಜ್ ಅಲ್ಲೇ ಸೋರಿಹೋಗುತ್ತದೆ, ಇಡೀ ಸ್ವಿಚ್ ಬದಲಿಸಿ. ಕಟ್ ಆಗುವ ಒತ್ತಡ ಹೊಂದಿಸುವ ಸ್ಕ್ರೂ ಕಣ್ಣಿಗೆ ಬೀಳುತ್ತದೆ, ಅದನ್ನು ಮುಟ್ಟಬೇಡಿ.

ಇನ್ನು ಕರೆಂಟಿನ ಕಡೆ. ಕೆಪಾಸಿಟರ್ ಮುಟ್ಟುವ ಮೊದಲು ಅದರಲ್ಲಿ ಉಳಿದ ಚಾರ್ಜ್ ಇಳಿಸಬೇಕು. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸುವ ರೂಢಿ ಕೆಟ್ಟದ್ದು. ಹೋಲ್ಡರ್‌ಗೆ ಹಾಕಿದ 60 ವ್ಯಾಟಿನ ಹಳೆಯ ಫಿಲಮೆಂಟ್ ಬಲ್ಬಿನ ಎರಡು ವೈರುಗಳನ್ನು ಕೆಪಾಸಿಟರ್ ತುದಿಗಳಿಗೆ ಕೆಲವು ಸೆಕೆಂಡು ಹಿಡಿದರೆ ಸಾಕು. ಎಲ್‌ಇಡಿ ಬಲ್ಬ್ ಇದಕ್ಕಾಗದು. ಆಮೇಲೆ ಒಂದು ವೈರ್ ಕಳಚಿ ಮಲ್ಟಿಮೀಟರಿನಲ್ಲಿ ಅಳೆಯಿರಿ. ರನ್ ಕೆಪಾಸಿಟರ್ (ಮೋಟಾರು ಓಡುವಾಗಲೂ ಕೆಲಸ ಮಾಡುತ್ತಿರುವುದು) ಮೇಲೆ 40 ಮೈಕ್ರೋಫ್ಯಾರಡ್ ಎಂದಿದ್ದು ಅಳತೆ 36ಕ್ಕಿಂತ ಕೆಳಗಿದ್ದರೆ ಬದಲಿಸಿ. ಹೊಟ್ಟೆ ಉಬ್ಬಿದ್ದರೆ ಅಳೆಯುವುದೂ ಬೇಡ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಲಿ. ಜೋರಾಗಿ ಎಳೆಯಲಿ ಎಂದು ದೊಡ್ಡ ರನ್ ಕೆಪಾಸಿಟರ್ ಹಾಕಿಕೊಡುವವರಿದ್ದಾರೆ. ಅದರಿಂದ ಒಂದು ವಾರ ಓಡುತ್ತದೆ, ಆಮೇಲೆ ವೈಂಡಿಂಗ್ ಬಿಸಿಯಾಗಿ ನಿಜವಾಗಿಯೂ ಸುಡುತ್ತದೆ.

ಕೆಪಾಸಿಟರ್ ಸರಿಯಿದ್ದೂ ಗುಂಯ್ ಎಂದರೆ ವೈರು ನೋಡಿ. 2 ಎಚ್‌ಪಿ ಮೋಟಾರು ಓಡುವಾಗ ಸುಮಾರು 10 ಆಂಪಿಯರ್ ಎಳೆಯುತ್ತದೆ, ಏಳುವ ಗಳಿಗೆಯಲ್ಲಿ ಅದರ ನಾಲ್ಕು ಪಟ್ಟು. 0.75 ಚದರ ಮಿ.ಮೀ. ವೈರಿನ 20 ಮೀಟರ್ ಎಕ್ಸ್‌ಟೆನ್ಶನ್ ಎಂದರೆ ಹೋಗಿ ಬರಲು 40 ಮೀಟರ್ ತಾಮ್ರ, ಸುಮಾರು 1 ಓಮ್. 40 ಆಂಪಿಯರ್‌ಗೆ 40 ವೋಲ್ಟ್ ವೈರಿನಲ್ಲೇ ಹೋಯಿತು. ಮೋಟಾರಿನ ಬಲ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಕುಗ್ಗುತ್ತದೆ. 230ರ ಬದಲು 180 ಸಿಕ್ಕರೆ ಏಳುವ ಬಲ ನೂರಕ್ಕೆ 61 ಮಾತ್ರ. ತೋಟದ ಮನೆಗಳಲ್ಲಿ ಪಂಪ್‌ಸೆಟ್‌ಗಳೆಲ್ಲ ಓಡುವ ಹೊತ್ತಿಗೆ ಎಕ್ಸ್‌ಟೆನ್ಶನ್ ಇಲ್ಲದೆಯೂ ಇದೇ ಗತಿ. ಹಾಗಾಗಿ 16 ಆಂಪಿಯರ್ ಸಾಕೆಟ್‌ಗೆ ನೇರವಾಗಿ ಹಾಕಿ. ದೂರ ಹೋಗಬೇಕಾದರೆ ಗಾಳಿಯ ಪೈಪು ಉದ್ದವಿರಲಿ, ಕರೆಂಟಿನ ವೈರು ಬೇಡ. ಎಕ್ಸ್‌ಟೆನ್ಶನ್ ಬೇಕೇ ಬೇಕೆಂದರೆ 2.5 ಚದರ ಮಿ.ಮೀ. ವೈರಿನದು.

ಮುಂದೆ ಖಾಲಿ ಟ್ಯಾಂಕಿಗೂ ಗುಂಯ್ ಎನ್ನಲು ಶುರು ಮಾಡಿದರೆ ಲೆಕ್ಕ ಬೇರೆ. ಪ್ಲಗ್ ಕಿತ್ತು ಫ್ಯಾನ್ ಕೈಯಿಂದ ತಿರುಗಿಸಿ. ಸುತ್ತಿಗೊಮ್ಮೆ ಮೆತ್ತಗೆ ತಡೆದು ದಾಟಬೇಕು. ತಿರುಗದಿದ್ದರೆ ಪಿಸ್ಟನ್ ಅಥವಾ ಬೇರಿಂಗ್ ಹಿಡಿದಿದೆ, ಆಗ ಮೆಕ್ಯಾನಿಕ್ ಬೇಕು.

ಟ್ಯಾಂಕ್ ಡ್ರೈನ್ ತೆರೆದಾಗ ಬರುವ ನೀರು ತುಕ್ಕಿನ ಕೆಂಪು ಬಣ್ಣದ್ದಾಗಿದ್ದರೆ ಬಳಸಿದ ದಿನವೆಲ್ಲ ನೀರು ಬಿಡುವ ಅಭ್ಯಾಸ ಮಾಡಿಕೊಳ್ಳಿ. ಕರಾವಳಿಯ ಮಳೆಗಾಲದಲ್ಲಿ ಇದು ತಪ್ಪಿಸಬಾರದ ಕೆಲಸ. ಟ್ಯಾಂಕಿನ ತಗಡಿನಲ್ಲೇ ಸೂಜಿಮೊನೆಯಷ್ಟು ತೂತು ಬಿದ್ದಿದ್ದರೆ ವೆಲ್ಡಿಂಗ್, ಎಂ-ಸೀಲ್ ಯಾವುದೂ ಬೇಡ. ಸುತ್ತಲಿನ ತಗಡೂ ಒಳಗಿನಿಂದ ತೆಳುವಾಗಿರುತ್ತದೆ, ಆ ಟ್ಯಾಂಕ್ ಗುಜರಿಗೇ ಹೋಗಬೇಕು. ಒತ್ತಡ ಮಿತಿ ಮೀರಿದರೆ ಗಾಳಿ ಬಿಡುವ ಸೇಫ್ಟಿ ವಾಲ್ವ್ ಸೋರುತ್ತದೆಂದು ಅಲ್ಲಿಗೆ ಪ್ಲಗ್ ಬಿಗಿಯುವುದೂ ಅಷ್ಟೇ ಅಪಾಯ.

ರಿಪೇರಿ ಆದ ಮೇಲೆ ಖಾಲಿಯಿಂದ 8 ಬಾರ್‌ವರೆಗೆ ತುಂಬಲು ಎಷ್ಟು ಹೊತ್ತು ಬೇಕಾಯಿತೆಂದು ಬರೆದಿಡಿ. 24 ಲೀಟರ್ ಟ್ಯಾಂಕಿಗೆ 8 ಬಾರ್ ಎಂದರೆ 192 ಲೀಟರ್ ಹೊರಗಿನ ಗಾಳಿ. ನಿಮಿಷಕ್ಕೆ ನೂರು ಲೀಟರ್ ನಿಜವಾಗಿ ಕೊಡುವ ಪಂಪಿಗೆ ಎರಡು ನಿಮಿಷದ ಕೆಲಸ. ಮುಂದೊಂದು ದಿನ ಇದು ನಾಲ್ಕೈದು ನಿಮಿಷಕ್ಕೆ ಏರಿದರೆ ಮೊದಲು ಏರ್ ಫಿಲ್ಟರ್, ಆಮೇಲೆ ತಲೆಯೊಳಗಿನ ವಾಲ್ವ್ ಪ್ಲೇಟ್, ಪಿಸ್ಟನ್ ರಿಂಗ್ ಅನುಮಾನಿಸಿ. ಈಗ ಬಿಚ್ಚಿದ ಜಾಗಕ್ಕೆಲ್ಲ ಸೋಪಿನ ನೊರೆ ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಗಾಳಿ ಬಿಟ್ಟು ಮುಳ್ಳನ್ನು 6ಕ್ಕೆ ಇಳಿಸಿ, ತಾನಾಗಿ ಚಾಲೂ ಆಗಲು ಬಿಡಿ. ತಣ್ಣಗಿರುವಾಗ ಒಮ್ಮೆ ಎದ್ದರೆ ನಂಬಬೇಡಿ, ರಬ್ಬರ್ ಬಿಲ್ಲೆ ಕೈಕೊಡುವುದು ಬಿಸಿಯಲ್ಲಿ. ನಡುವೆ ಬಿಡುವು ಕೊಡುತ್ತಾ ಕೊಳವೆ ಮುಟ್ಟಲಾಗದಷ್ಟು ಕಾದ ಮೇಲೂ ಮೂರ್ನಾಲ್ಕು ಸಲ ಗುಂಯ್ ಎನ್ನದೆ ಎದ್ದರೆ ಮುಚ್ಚಳಗಳನ್ನು ಹಾಕಿ ಸ್ಕ್ರೂ ಬಿಗಿಯಬಹುದು.